ಎ ಬಿ ಮೈನಸ್ ಸಿ ಮೈನಸ್

ನಾನು ಓದಿದ ಕಾಲೇಜಿಗೇ ನನ್ನನ್ನು ಪರೀಕ್ಷಕಿಯಾಗಿ ಹಾಕಿದ್ದರು. 2004ರ ಮೇ ತಿಂಗಳು. ಆಗ ನಾನು ತಿ. ನರಸೀಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತಿದ್ದೆ. ಬಿ.ಎಸ್ಸಿ. ಪ್ರಾಕ್ಟಿಕಲ್ ಪರೀಕ್ಷೆಗೆ ಇಬ್ಬರು ಇರಬೇಕು, ಹೊರಗಿನಿಂದ ಬಂದವರೊಬ್ಬರು, ಒಳಗಿನವರೊಬ್ಬರು. ನಂಜನಗೂಡಿನ ಆ ಕಾಲೇಜಿಗೆ ಹೊರಗಿನವಳು ನಾನು. ಒಳಗಿನವರು ನನ್ನ ಮೇಷ್ಟ್ರು ಚಕ್ರಪಾಣಿ. ತಿಂಗಳ ಕೊನೆಗೆ ಅವರಿಗೆ ನಿವೃತ್ತಿ. ಕಾಲೇಜಿನ ಹೆಸರು ಹೇಳುವುದಿಲ್ಲ, ಹೇಳಿ ಆಗಬೇಕಾದ್ದೂ ಏನಿಲ್ಲ.

ಬೆಳಗಿನ ಬಸ್ಸು ಕಪಿಲೆಯ ಹರಿವಿಗೆ ಎದುರಾಗಿ ಹೋಗುತ್ತದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ: ಮೇಷ್ಟ್ರ ಪಕ್ಕದ ಕುರ್ಚಿಯಲ್ಲಿ ಹೇಗೆ ಕೂರುವುದು? ಅವರು ಬಂದಾಗ ಏಳಬೇಕೋ ಕೂತೇ ಇರಬೇಕೋ? ಮೂವತ್ತು ಹತ್ತಿರವಾದರೂ ಕೆಲವರ ಮುಂದೆ ನಮಗೆ ವಯಸ್ಸೇ ಆಗುವುದಿಲ್ಲ.

ಅವರ ಬಗ್ಗೆ ಒಳ್ಳೆಯದನ್ನೆಲ್ಲ ಮೊದಲೇ ಹೇಳಿಬಿಡುತ್ತೇನೆ. ಚಕ್ರಪಾಣಿ ಮೇಷ್ಟ್ರು ಮೂಲದಲ್ಲಿ ಗಣಿತದವರು. ಮಠದ ಮನೆತನ, ಅವರ ತಂದೆ, ತಾತ ಎಲ್ಲ ಪಾಠ ಹೇಳಿಯೇ ಬದುಕಿದವರು. 1993ರಲ್ಲಿ ಕಾಲೇಜಿಗೆ ನಾಲ್ಕು ಕಂಪ್ಯೂಟರ್ ಬಂದಾಗ ಉಳಿದ ಮೇಷ್ಟ್ರುಗಳು ಅವುಗಳ ಹತ್ತಿರ ಸುಳಿಯಲಿಲ್ಲ. ಕೆಟ್ಟರೆ ಯಾರ ತಲೆಗೆ ಕಟ್ಟುತ್ತಾರೋ ಎಂಬ ಹೆದರಿಕೆ. ಇವರು ಐವತ್ತಕ್ಕೆ ಹತ್ತಿರವಾದ ವಯಸ್ಸಿನಲ್ಲಿ, ಬೇಸಿಗೆ ರಜೆ ಕಳೆದುಕೊಂಡು, ದಿನಾ ಮೈಸೂರಿಗೆ ಓಡಾಡಿ ಕಲಿತು ಬಂದರು. ಬಂದು ನಮಗೆ ಕಲಿಸಿದರು. ಹೈಸ್ಕೂಲಿನವರೆಗೆ ಕನ್ನಡ ಮೀಡಿಯಮ್ಮಿನಲ್ಲಿ ಓದಿದ್ದ ನನಗೆ ಇಂಗ್ಲಿಷ್ ಪುಸ್ತಕ ತೆರೆದರೆ ಕಣ್ಣು ಕತ್ತಲೆ ಬರುತ್ತಿತ್ತು. ಅವರು ಪ್ರತಿಯೊಂದನ್ನೂ ನಮ್ಮ ಊರುಕೇರಿಯ ಮಾತಿಗೆ ಇಳಿಸಿ ಹೇಳುತ್ತಿದ್ದರು. ಎರಡನೇ ವರ್ಷ ನನ್ನ ಅಪ್ಪ ಚಲುವಯ್ಯ, ಓದು ಸಾಕು, ಮನೆಯಲ್ಲಿರು ಎಂದಾಗ ಮೇಷ್ಟ್ರು ಬಸ್ಸು ಹತ್ತಿ ಕವಲಂದೆಗೆ ಬಂದರು. ನಮ್ಮ ಬೀದಿಯ ತುದಿಯಲ್ಲಿರುವ ಅರಳಿಕಟ್ಟೆಯ ಹತ್ತಿರ ನಿಂತು ಅಪ್ಪನನ್ನು ಕರೆಸಿ ಮಾತಾಡಿದರು. ಮನೆಗೆ ಬರಲಿಲ್ಲ. ಅದು ಆಗ ನನ್ನ ಮನಸ್ಸಿಗೂ ಬರಲಿಲ್ಲ. ಅಲ್ಲಿಯ ತನಕ ಬಂದರಲ್ಲ ಅನ್ನುವುದೇ ದೊಡ್ಡದಾಗಿತ್ತು. ಇವತ್ತಿಗೂ ಅವರನ್ನು ಕೆಟ್ಟವರು ಎಂದು ಯಾರಾದರೂ ಅಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ.

ಅವರ ಪಾಠಗಳಲ್ಲೆಲ್ಲ ಹೆಸರಾದದ್ದು ಪಂಕ್ತಿಯ ಪಾಠ. ಮುಂದಿನದೆಲ್ಲ ಅದರಿಂದಲೇ ಆದದ್ದು, ಹಾಗಾಗಿ ಸ್ವಲ್ಪ ವಿವರಿಸಬೇಕು.

ನಾವು ಲೆಕ್ಕ ಬರೆಯುವಾಗ ಚಿಹ್ನೆಯನ್ನು ನಡುವೆ ಇಡುತ್ತೇವೆ: ಎ ಪ್ಲಸ್ ಬಿ. ಇದು ಇನ್‌ಫಿಕ್ಸ್. ಯಂತ್ರಕ್ಕೆ ಇದಕ್ಕಿಂತ ಚಿಹ್ನೆ ಕೊನೆಯಲ್ಲಿ ಬಂದರೆ ಸುಲಭ: ಎ ಬಿ ಪ್ಲಸ್. ಚಿಹ್ನೆ ತನ್ನ ಹಿಂದಿನ ಎರಡಕ್ಕೆ ಸಲ್ಲುತ್ತದೆ. ಇದು ಪೋಸ್ಟ್‌ಫಿಕ್ಸ್. ಮೊದಲನೆಯದನ್ನು ಎರಡನೆಯದಾಗಿ ಬದಲಿಸುವ ಪ್ರೋಗ್ರಾಮ್ ಬರೆಯುವುದು ಆ ಕೋರ್ಸಿನಲ್ಲಿ ತಪ್ಪಿಸಿಕೊಳ್ಳಲಾಗದ ಪಾಠ. ಅಕ್ಷರಗಳು ಬಂದ ಹಾಗೇ ನೇರ ಹೊರಗೆ ಹೋಗುತ್ತವೆ. ಚಿಹ್ನೆಗಳು ಮಾತ್ರ ಒಂದರ ಮೇಲೊಂದು ಪೇರಿಸಿಕೊಂಡು ಕಾಯಬೇಕು. ಮೇಲಿದ್ದದ್ದು ಮೊದಲು ಹೊರಗೆ. ಹೊಸ ಚಿಹ್ನೆ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಅಲ್ಲಿ ಕಾದಿರುವವನು ದೊಡ್ಡವನೋ, ಬಂದವನು ದೊಡ್ಡವನೋ? ಕಾದಿರುವವನು ದೊಡ್ಡವನಾದರೆ ಅವನು ಮೊದಲು ಹೊರಗೆ. ಗುಣಾಕಾರ, ಭಾಗಾಕಾರ ದೊಡ್ಡವು. ಕೂಡುವುದು, ಕಳೆಯುವುದು ಚಿಕ್ಕವು.

ಮೇಷ್ಟ್ರು ಬೋರ್ಡಿಗೆ ಬೆನ್ನು ಮಾಡಿ ನಿಂತು ಕೇಳುತ್ತಿದ್ದರು:

"ಪಂಕ್ತಿ ಭೋಜನ ನೋಡಿದ್ದೀರೇನ್ರೋ? ದೊಡ್ಡವರು ಕೂತಿದ್ದಾರೆ, ಚಿಕ್ಕವರು ಬಂದು ನಿಂತರು. ಏನ್ಮಾಡ್ತೀವಿ? ದೊಡ್ಡವರು ಉಂಡು ಎದ್ದು ಹೋಗಲಿ, ಆಮೇಲೆ ನಿಮಗೆ ಎಲೆ ಅಂತೀವಿ. ಚಿಕ್ಕವರು ಕೂತಿದ್ದಾರೆ, ದೊಡ್ಡವರು ಬಂದರು. ಮೊದಲು ದೊಡ್ಡವರಿಗೆ ಬಡಿಸ್ತೀವಿ, ಚಿಕ್ಕವರು ಕಾಯ್ತಾರೆ. ಸರಿ, ಸಮಾನರು ಬಂದರೆ? ಬನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ ಅಂತೀವಿ. ಉಣ್ತಾ ಇರೋರನ್ನ ಏಳಿಸ್ತೀವಾ?"

"ಇಲ್ಲಾ ಸಾರ್!" ಎಂದು ಇಡೀ ಕ್ಲಾಸು ಕೂಗುತ್ತಿತ್ತು. ನಾನೂ ಕೂಗಿದ್ದೆ. ಪಂಕ್ತಿಯಲ್ಲಿ ನಾನು ಕೂತವಳಲ್ಲ, ಆದರೆ ನೋಡಿದ್ದೆ. ಹಬ್ಬದ ದಿನಗಳಲ್ಲಿ ಅಪ್ಪ ಸೈಕಲ್ಲಿನ ಮೇಲೆ ಬಾಳೆ ಎಲೆಯ ಕಟ್ಟು ಹೇರಿಕೊಂಡು ನಂಜನಗೂಡಿನ ದೊಡ್ಡ ಮನೆಗಳ ಹಿತ್ತಿಲಿಗೆ ಹಾಕುತ್ತಿದ್ದ. ಅವನ ಜೊತೆ ಹೋದಾಗ ಹಿತ್ತಿಲ ಬಾಗಿಲಿನಿಂದ ಸಾಲು ಕಾಣುತ್ತಿತ್ತು. ಯಾರು ಯಾವಾಗ ಕೂರುತ್ತಾರೆ, ಎಲ್ಲರೂ ಹೇಗೆ ಒಟ್ಟಿಗೆ ಏಳುತ್ತಾರೆ ಎಂಬುದನ್ನು ಹೊರಗೆ ನಿಂತವರಷ್ಟು ಚೆನ್ನಾಗಿ ಒಳಗೆ ಕೂತವರು ನೋಡಿರುವುದಿಲ್ಲ. ಪಾಠ ನನಗೆ ಒಂದೇ ಸಲಕ್ಕೆ ಅರ್ಥವಾಯಿತು.

ಆಮೇಲೆ ಅವರು ಪ್ರೋಗ್ರಾಮನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ನಾವು ಅದನ್ನು ಬಾಯಿಪಾಠ ಮಾಡುತ್ತಿದ್ದೆವು, ಅಲ್ಪವಿರಾಮ ಸಮೇತ. ಪರೀಕ್ಷೆಯಲ್ಲಿ ಬಂದರೆ ಕಣ್ಣು ಮುಚ್ಚಿ ಬರೆಯುವುದು, ಎ ಪ್ಲಸ್ ಬಿ ಇಂಟು ಸಿ ಎಂದು ಕೊಟ್ಟು ಉತ್ತರ ತೋರಿಸುವುದು, ಪಾಸಾಗುವುದು. ನಾನು ಹಾಗೇ ಪಾಸಾದೆ. ನನ್ನ ಹಿಂದೆ ಬಂದ ಎಷ್ಟೋ ಮಂದಿ ಹಾಗೇ ಪಾಸಾದರು.

ನಾನು ಲ್ಯಾಬಿನ ಬಾಗಿಲಿಗೆ ಬಂದಾಗ ಮೇಷ್ಟ್ರೇ ಎದ್ದು ನಿಂತರು.

"ಬನ್ನಿ ಮೇಡಂ," ಎಂದರು. ಮಕ್ಕಳ ಮುಂದೆ ಅವರು ನನ್ನನ್ನು ಬಹುವಚನದಲ್ಲಿ ಕರೆದದ್ದು ಕೇಳಿ ನನಗೆ ಅಳು ಬಂದ ಹಾಗಾಯಿತು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಣೆಯ ಗಂಧ ಅದೇ, ಜೇಬಿನ ಸೀಮೆಸುಣ್ಣ ಅದೇ. ಅಟೆಂಡರ್ ರಂಗನಾಯಕ ಸ್ಟೀಲ್ ಡಬ್ಬಿಯಲ್ಲಿ ಚೀಟಿಗಳನ್ನು ಹಾಕಿ ಕುಲುಕಿಕೊಂಡು ಬಂದ. ಒಬ್ಬೊಬ್ಬರು ಒಂದೊಂದು ಚೀಟಿ ಎತ್ತಬೇಕು. ಅದರಲ್ಲಿ ಬಂದ ಪ್ರೋಗ್ರಾಮನ್ನು ಮೊದಲು ಹಾಳೆಯಲ್ಲಿ ಬರೆಯಬೇಕು. ಹಾಳೆಗೆ ಮೇಷ್ಟ್ರು ಸಹಿ ಹಾಕಿದರೆ ಮಾತ್ರ ಕಂಪ್ಯೂಟರಿನ ಮುಂದೆ ಕೂರುವುದು. ನಾಲ್ಕೇ ಯಂತ್ರಗಳಿದ್ದ ಕಾಲದಲ್ಲಿ ಮಾಡಿದ ನಿಯಮ. ಈಗ ಯಂತ್ರಗಳು ಗೋಡೆಯುದ್ದಕ್ಕೂ ಇದ್ದವು, ನಿಯಮ ಹಾಗೇ ಉಳಿದಿತ್ತು.

ಚೀಟಿ ಎತ್ತುವವರ ಕೊನೆಯಲ್ಲಿ ಒಬ್ಬಳು ನಿಂತಿದ್ದಳು. ಉಳಿದವರಿಗಿಂತ ಒಂದೆರಡು ವರ್ಷ ದೊಡ್ಡವಳು. ಬಣ್ಣ ಮಾಸಿದ ಚೂಡಿದಾರ, ಬಿಗಿಯಾಗಿ ಹೆಣೆದ ಜಡೆ. ಮೇಷ್ಟ್ರು ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು.

"ಕವನ ಅಂತ. ಹೆಡತಲೆಯವಳು. ಮಿಕ್ಕಿದ್ದೆಲ್ಲ ಪಾಸಾಗಿದೆ, ಈ ಪ್ರಾಕ್ಟಿಕಲ್ ಒಂದೇ ಉಳ್ಕೊಂಡಿರೋದು. ಹೋದ ವರ್ಷ ಬಂದಳು, ಹೋಯಿತು. ಯೂನಿವರ್ಸಿಟಿ ಕೊಟ್ಟಿರೋ ಗಡುವು ಈ ಸಲಕ್ಕೆ ಮುಗೀತು. ಇವತ್ತು ಆಗದಿದ್ದರೆ ಇವಳಿಗೆ ಡಿಗ್ರಿಯೇ ಇಲ್ಲ."

"ಕಷ್ಟಪಟ್ಟು ಓದಲ್ವಾ ಸಾರ್?"

"ಓದ್ತಾಳೆ. ಒಳ್ಳೇ ಹುಡುಗಿ ಪಾಪ. ತಲೆ ಓಡಲ್ಲ, ಏನ್ಮಾಡೋದು?"

ಅವರ ದನಿಯಲ್ಲಿ ನಿಜವಾದ ಮರುಕವಿತ್ತು. ಕವನ ಚೀಟಿ ಬಿಡಿಸಿದಳು. ಓದಿದ ಕೂಡಲೇ ಮುಖ ಬಿದ್ದುಹೋಯಿತು. ನಾನು ಕೈ ಚಾಚಿ ತೆಗೆದುಕೊಂಡು ನೋಡಿದೆ. ಇನ್‌ಫಿಕ್ಸಿನಿಂದ ಪೋಸ್ಟ್‌ಫಿಕ್ಸಿಗೆ. ಹೋದ ವರ್ಷವೂ ಅವಳಿಗೆ ಬಂದದ್ದು ಅದೇ ಎಂದು ರಂಗನಾಯಕ ಹೇಳಿದ. "ಗ್ರಾಚಾರ ಅಂದ್ರೆ ಇದೇ ಅಲ್ವಾ ಮೇಡಂ," ಎಂದು ಡಬ್ಬಿ ಮುಚ್ಚಿದ.

ಎಲ್ಲರೂ ಬರೆಯತೊಡಗಿದರು. ಫ್ಯಾನು ತಿರುಗುತ್ತಿತ್ತು. ಕವನ ಬಹಳ ಹೊತ್ತು ಪೆನ್ನು ಎತ್ತಲಿಲ್ಲ. ಆಮೇಲೆ ಎತ್ತಿದವಳು ನಿಲ್ಲಿಸದೆ ಬರೆದಳು. ಮೇಷ್ಟ್ರು ಹಾಳೆಗಳನ್ನು ನೋಡುತ್ತಾ ಬಂದು ಅವಳ ಹತ್ತಿರ ನಿಂತರು. ಕೆಂಪು ಪೆನ್ನಿನಿಂದ ಒಂದು ಸಾಲಿನ ಸುತ್ತ ಗೀಟು ಎಳೆದರು. ಹಾಳೆಯನ್ನು ನನ್ನ ಮೇಜಿಗೆ ತಂದಿಟ್ಟರು.

"ನೋಡಿ ಮೇಡಂ. ಹೋದ ವರ್ಷದ ತಪ್ಪೇ. ಇಡೀ ಪ್ರೋಗ್ರಾಮ್ ಸರಿ ಬರೀತಾಳೆ, ಈ ಸಾಲಿಗೆ ಬಂದು ಎಡವ್ತಾಳೆ. ಇಲ್ಲಿ 'ದೊಡ್ಡದು' ಅಂತ ಚಿಹ್ನೆ ಹಾಕಬೇಕು. ಇವಳು 'ದೊಡ್ಡದು ಅಥವಾ ಸಮ' ಅಂತ ಹಾಕಿದ್ದಾಳೆ. ಅಂದರೆ ಸಮಾನರು ಬಂದರೆ ಉಣ್ತಾ ಇರೋರನ್ನ ಎಬ್ಬಿಸಿಬಿಡ್ತಾಳೆ!"

ಅವರು ನಕ್ಕರು. ನನಗೂ ಒಂದು ಕ್ಷಣ ನಗು ಬಂತು. ಆಮೇಲೆ ಆ ಸಾಲನ್ನು ಇನ್ನೊಂದು ಸಲ ನೋಡಿದೆ.

ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಒಂದು ಪುಸ್ತಕದಲ್ಲಿ ಇದೇ ಸಾಲಿನಲ್ಲಿ ಸಮ ಚಿಹ್ನೆ ಇದ್ದದ್ದು ನೆನಪಾಯಿತು. ಆಗ, ನಾನು ಮೇಷ್ಟ್ರ ಬೋರ್ಡಿನಿಂದ ಇಳಿಸಿಕೊಳ್ಳುವಾಗ ಒಂದು ಗೆರೆ ಬಿಟ್ಟಿರಬೇಕು ಅಂದುಕೊಂಡಿದ್ದೆ. ಕಣ್ಣು ನನ್ನದು, ಕೈ ನನ್ನದು, ತಪ್ಪೂ ನನ್ನದೇ ಇರಬೇಕು. ಮೇಷ್ಟ್ರು ಬೋರ್ಡಿನ ಮೇಲೇ ತಪ್ಪು ಬರೆದಿರಬಹುದು ಎಂಬ ಯೋಚನೆ ನನ್ನ ಹತ್ತಿರಕ್ಕೂ ಸುಳಿದಿರಲಿಲ್ಲ. ಈಗ ಅವರೇ ಗೀಟು ಎಳೆದು ನನ್ನ ಮುಂದೆ ಇಟ್ಟಿದ್ದರು.

ಹಾಳೆ ಹಿಡಿದುಕೊಂಡು ಎದ್ದು ಕವನಳ ಹತ್ತಿರ ಹೋದೆ. ಬೆವರು ಒರೆಸಿಕೊಂಡು ಎದ್ದು ನಿಂತಳು.

"ಕೂತ್ಕೊ. ಇಲ್ಲಿ ಸಮ ಅಂತ ಯಾಕೆ ಹಾಕಿದೆ?"

ಅವಳು ಕೂತು ಪೆನ್ನಿಗೆ ಮುಚ್ಚಳ ಹಾಕಿದಳು.

"ಬೈಯಲ್ಲ ಕಣಮ್ಮ, ಹೇಳು. ನಾನೂ ನಿಮ್ಮ ಕಡೆಯವಳೇ, ಕವಲಂದೆ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು.

"ಸಾ ಯೋಳ್ದಂಗೇ ಬರಿಬೇಕು ಅಂತ್ಲೇ ಬತ್ತೀನಿ ಮೇಡಂ. ಬರ್ಯವಾಗ ಕೈ ಓಗಲ್ಲ. ಆ ಪಂಕ್ತಿ ನಾ ಕಂಡಿಲ್ಲ. ನಮ್ಮನೇಲಿರದು ಎಲ್ಡೇ ತಣ್ಗೆ. ಮದ್ಲು ಬಂದೋರು ಉಂಡು, ಎದ್ದು, ತೊಳ್ದು ಕೊಟ್ರೆ ತಾನೇ ಇನ್ನೊಬ್ರು ಉಣ್ಣದು? ಇಬ್ರೂ ಒಂದೇ ಸಮ ಅಂದ್ಮೇಲೆ ಮದ್ಲು ಬಂದೋರು ಮದ್ಲು ಓಗ್ಲಿ ಅನ್ನುಸ್ತು. ತಪ್ಪು ಅಂತ ಗೊತ್ತು ಮೇಡಂ. ಆದ್ರೂ ಅಂಗೇ ಬರ್ದೋಯ್ತದೆ."

ನಮ್ಮ ಮನೆಯಲ್ಲೂ ತಣಿಗೆಗಳು, ಉಣ್ಣುವ ತಟ್ಟೆಗಳು, ಕಡಿಮೆಯೇ ಇದ್ದವು. ಅವ್ವ ಮರಿತಾಯಮ್ಮ ಯಾರನ್ನೂ ಜೊತೆಯಲ್ಲಿ ಕೂರಿಸಿ ಬಡಿಸಿದ್ದು ನನಗೆ ನೆನಪಿಲ್ಲ. ಹೊಲದಿಂದ ಮೊದಲು ಬಂದವರು ಉಂಡು ಏಳುವುದು, ಮುಂದಿನವರು ಕೂರುವುದು. ಅದು ಗೊತ್ತಿದ್ದೂ ನಾನು ಆ ದಿನ ಕ್ಲಾಸಿನಲ್ಲಿ "ಇಲ್ಲಾ ಸಾರ್" ಎಂದು ಕೂಗಿದ್ದೆ. ಇವಳು ಕೂಗಿರಲಿಲ್ಲ ಅಂತ ಕಾಣುತ್ತದೆ.

ಮೇಜಿಗೆ ಬಂದು ಒಂದು ಚೂರು ಕಾಗದದ ಮೇಲೆ ಎ ಮೈನಸ್ ಬಿ ಮೈನಸ್ ಸಿ ಎಂದು ಬರೆದೆ. ಕವನಳ ದಾರಿಯಲ್ಲಿ ನಡೆದರೆ ಎರಡನೇ ಮೈನಸ್ ಬಂದಾಗ ಮೊದಲಿನದು ಹೊರಗೆ ಹೋಗುತ್ತದೆ: ಎ ಬಿ ಮೈನಸ್ ಸಿ ಮೈನಸ್. ಮೇಷ್ಟ್ರ ದಾರಿಯಲ್ಲಿ ಎರಡೂ ಮೈನಸ್ ಒಟ್ಟಿಗೆ ಕೂತು ಕೊನೆಗೆ ಏಳುತ್ತವೆ: ಎ ಬಿ ಸಿ ಮೈನಸ್ ಮೈನಸ್. ಅಂಕಿ ಹಾಕಿ ನೋಡಿದೆ. ನೋಡಿದ ಮೇಲೆ ಎದ್ದು ನಿಂತೆ.

ಮೇಷ್ಟ್ರು ಕವನಳಿಗೆ ಹೇಳುತ್ತಿದ್ದರು: "ಇದಕ್ಕೆ ಸಹಿ ಹಾಕೋ ಹಾಗಿಲ್ಲ ಮಗು. ಇನ್ನೊಂದು ಹಾಳೆ ಕೊಡ್ತೀನಿ, ಯೋಚಿಸಿ ಬರಿ. ಆಗದಿದ್ದರೆ ನಾನೇನು ಮಾಡಲಿ?"

"ಸಾರ್," ಎಂದೆ. "ಒಂದು ನಿಮಿಷ ಹೊರಗೆ ಬನ್ನಿ."

ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಅವರು ಕನ್ನಡಕ ಒರೆಸಿಕೊಳ್ಳುತ್ತಾ ನಿಂತರು. ಇಲ್ಲಿ ನಾನು ಮೇಡಂ ಅಲ್ಲ.

"ಏನೇ ಇಂದ್ರಾಣಿ? ನಮ್ಮೂರ ಕಡೆಯವಳು ಅಂತ ಬಿಟ್ಟುಬಿಡು ಅಂತೀಯಾ? ಹಾಗೆ ಆಗುತ್ತಾ?"

"ಅಲ್ಲ ಸಾರ್. ಎ ಮೈನಸ್ ಬಿ ಮೈನಸ್ ಸಿ. ನೀವು ಬೋರ್ಡಿನಲ್ಲಿ ಮಾಡೋ ಹಾಗೇ ಮಾಡಿ ನೋಡಿ."

"ಯಾಕೆ?"

"ಒಂದು ಸಲ ಸಾರ್."

ಜೇಬಿನಿಂದ ಸೀಮೆಸುಣ್ಣ ತೆಗೆದು ಕಾರಿಡಾರಿನ ಅಡ್ಡಗೋಡೆಯ ಮೇಲೆಯೇ ಬರೆದರು. ಎ ಬಿ ಸಿ ಮೈನಸ್ ಮೈನಸ್. "ಸರಿ ಇದೆಯಲ್ಲ?"

"ಅಂಕಿ ಹಾಕಿ ಸಾರ್. ಹತ್ತು, ನಾಲ್ಕು, ಮೂರು."

ಅವರ ಕೈ ಹುಷಾರಾಗಿ ನಡೆಯಿತು. ನಾಲ್ಕರಲ್ಲಿ ಮೂರು ಹೋದರೆ ಒಂದು. ಹತ್ತರಲ್ಲಿ ಒಂದು ಹೋದರೆ ಒಂಬತ್ತು. ಸೀಮೆಸುಣ್ಣ ಅಲ್ಲೇ ನಿಂತಿತು. ಹತ್ತರಲ್ಲಿ ನಾಲ್ಕು ಕಳೆದು, ಅದರಲ್ಲಿ ಮೂರು ಕಳೆದರೆ ಎಷ್ಟು ಉಳಿಯುತ್ತದೆ ಎಂದು ಒಂದನೇ ಕ್ಲಾಸಿನ ಮಗುವೂ ಹೇಳುತ್ತದೆ. ಅವರು ಅಂಗೈಯಿಂದ ಅಳಿಸಿ ಮತ್ತೆ ಮಾಡಿದರು. ಮತ್ತೆ ಒಂಬತ್ತೇ ಬಂತು.

ನಾನು ಏನೂ ಹೇಳಬೇಕಾಗಿರಲಿಲ್ಲ, ಅವರು ಗಣಿತದವರು.

"ನಾನು ಯಾವಾಗಲೂ ಪ್ಲಸ್ಸೇ ಕೊಟ್ಟೆ," ಎಂದರು ಸೀಮೆಸುಣ್ಣವನ್ನು ಜೇಬಿಗೆ ಹಾಕುತ್ತಾ. "ಎ ಪ್ಲಸ್ ಬಿ ಇಂಟು ಸಿ. ಅದರಲ್ಲಿ ಸಮಾನರೇ ಇಲ್ಲ. ಎರಡು ಪ್ಲಸ್ ಬಂದರೂ, ಹೆಂಗೆ ಕೂಡಿದರೂ ಉತ್ತರ ಒಂದೇ ಬರುತ್ತೆ. ಗೊತ್ತೇ ಆಗಲ್ಲ."

"ಹೌದು ಸಾರ್."

"ಟ್ರೈನಿಂಗಿನಲ್ಲಿ ಸಮಾನ ಬಂದರೆ ಏನು ಅನ್ನೋದನ್ನ ಅವರು ಬೇಗ ಬೇಗ ಹೇಳಿ ಮುಂದಕ್ಕೆ ಹೋದರು. ಮನೆಗೆ ಬಂದು ನಾನೇ ಯೋಚಿಸ್ದೆ. ಸಮಾನರು ಅಂದಮೇಲೆ ಪಕ್ಕದಲ್ಲಿ ಕೂರ್ತಾರೆ, ಅದರಲ್ಲೇನು ಕೇಳೋದು ಅನ್ನಿಸ್ತು. ಬೇರೆ ತರಹ ಇರಬಹುದು ಅಂತ ಹೊಳೀಲೇ ಇಲ್ಲ ಕಣೇ."

ನನಗೆ ಅವರ ಮೇಲೆ ಅಯ್ಯೋ ಅನ್ನಿಸಿತು. ಅದರ ಬೆನ್ನಿಗೇ ಕೋಪ ಬಂತು. ಹೊಳೆಯದಿದ್ದದ್ದು ಅವರಿಗೆ, ವರ್ಷ ಕಳೆದುಕೊಂಡದ್ದು ಒಳಗೆ ಬೆವರುತ್ತಾ ಕೂತವಳು.

"ಹೋದ ವರ್ಷವೂ ಇದನ್ನೇ ಬರೆದಿದ್ದಳು," ಎಂದರು ಅವರೇ. "ಕಂಪ್ಯೂಟರ್ ಮುಂದೆ ಕೂರೋಕ್ಕೆ ಬಿಡಲಿಲ್ಲ ನಾನು. ಬಿಟ್ಟಿದ್ದರೆ ಅದೇ ಹೇಳ್ತಿತ್ತು."

ಆಮೇಲೆ ದನಿ ತಗ್ಗಿಸಿದರು.

"ಇಂದ್ರಾಣಿ, ಅವಳು ಪಾಸಾಗಲಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ತಪ್ಪಿನ ವಿಷಯ ಇವತ್ತು ಬೇಡ. ತಿಂಗಳ ಕೊನೆಗೆ ಸನ್ಮಾನ ಇಟ್ಕೊಂಡಿದ್ದಾರೆ. ಹಳೇ ವಿದ್ಯಾರ್ಥಿಗಳೆಲ್ಲ ಬರ್ತಾರೆ. ಮಗಳು ಹಂಸಾ ಬರ್ತಾಳೆ. ಅದೊಂದು ಮುಗೀಲಿ. ಆಮೇಲೆ ನೀನು ಯಾರಿಗೆ ಬೇಕಾದರೂ ಹೇಳು."

ನನ್ನ ಮುಂದೆ ಬೇಡುತ್ತಿದ್ದವರು ಕವಲಂದೆಯ ತನಕ ಬಂದು ನನ್ನ ಓದು ಉಳಿಸಿದವರು.

"ಪಾಸಂತೂ ಆಗಲೇಬೇಕು ಸಾರ್," ಎಂದೆ. "ಮಿಕ್ಕಿದ್ದು ಹೇಳಬೇಕಾದವರು ನೀವು. ನಾನು ಹೇಳಿದರೆ ಅದಕ್ಕೆ ಬೆಲೆ ಇಲ್ಲ."

ಅವರು ಒಳಗೆ ಬಂದು ಕವನಳ ಹಾಳೆಯ ಕೆಳಗೆ ಸಹಿ ಹಾಕಿದರು. ಅವಳಿಗೆ ನಂಬಿಕೆ ಬರಲಿಲ್ಲ. ಹಾಳೆಯನ್ನೂ ಅವರ ಮುಖವನ್ನೂ ನೋಡಿದಳು. ಕೆಂಪು ಗೀಟು ಹಾಗೇ ಇತ್ತು, ಕೆಳಗೆ ಸಹಿಯೂ ಇತ್ತು. "ಹೋಗು, ಟೈಪ್ ಮಾಡು," ಎಂದೆ ನಾನು. ನೀಲಿ ಪರದೆಯ ಮುಂದೆ ಕೂತು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಎಲ್ಲೋ ಒಂದು ಅರ್ಧವಿರಾಮ ಬಿಟ್ಟಿದ್ದಳು, ಅದನ್ನು ತಾನೇ ಕಂಡುಹಿಡಿದು ಸರಿಮಾಡಿದಳು. ಪ್ರೋಗ್ರಾಮ್ ಓಡಿತು.

"ಎ ಮೈನಸ್ ಬಿ ಮೈನಸ್ ಸಿ ಕೊಡು," ಎಂದೆ.

ಕೊಟ್ಟಳು. ಎ ಬಿ ಮೈನಸ್ ಸಿ ಮೈನಸ್ ಎಂದು ಬಂತು. ಮೇಷ್ಟ್ರು ನಮ್ಮ ಹಿಂದೆ ನಿಂತು ನೋಡುತ್ತಿದ್ದರು. ಎಷ್ಟೋ ವರ್ಷ ಆ ಕೋಣೆಯಲ್ಲಿ ಯಾರೂ ಕೇಳದಿದ್ದ ಲೆಕ್ಕಕ್ಕೆ ಬಂದ ಸರಿ ಉತ್ತರ ಅದು. ಕವನಳಿಗೆ ಅದು ಗೊತ್ತಿಲ್ಲ. ಅವಳು ಪರದೆಯನ್ನು ಬಿಟ್ಟು ಮೇಷ್ಟ್ರ ಮುಖವನ್ನೇ ನೋಡುತ್ತಿದ್ದಳು, ಬೈಯುತ್ತಾರೋ ಬಿಡುತ್ತಾರೋ ಎಂದು.

ಮಧ್ಯಾಹ್ನದ ಹೊತ್ತಿಗೆ ಪರೀಕ್ಷೆ ಮುಗಿಯಿತು. ಅಂಕಪಟ್ಟಿಗೆ ಇಬ್ಬರೂ ಸಹಿ ಹಾಕಿ ಲಕೋಟೆಗೆ ಅಂಟು ಹಚ್ಚಿದೆವು. ಹುಡುಗರು ಬ್ಯಾಗು ಎತ್ತಿಕೊಂಡು ಹೊರಡುತ್ತಿದ್ದರು. ರಂಗನಾಯಕ ಯಂತ್ರಗಳನ್ನು ಒಂದೊಂದಾಗಿ ಆರಿಸಿ ಬಟ್ಟೆ ಹೊದಿಸುತ್ತಿದ್ದ. ಕವನ ಬಾಗಿಲ ಪಕ್ಕ ನಿಂತೇ ಇದ್ದಳು. ಅಂಕ ಹೇಳುವ ಹಾಗಿಲ್ಲ ಎಂದು ಅವಳಿಗೂ ಗೊತ್ತು. ಆದರೂ ಅವಳು ಕೇಳದೆ ಹೋಗುವ ಸ್ಥಿತಿಯಲ್ಲಿರಲಿಲ್ಲ.

"ಸಾ," ಎಂದಳು. "ಈ ಸತಿ ಏನಾಯ್ತು ಸಾ?"

ಮೇಷ್ಟ್ರು ನನ್ನ ಕಡೆ ನೋಡಲಿಲ್ಲ. ಎಂದಿನ ದೊಡ್ಡವರ ದನಿ ತಂದುಕೊಂಡರು.

"ಹೋಗಮ್ಮ, ಏನೋ ನೋಡಿ ಹಾಕಿದ್ದೀವಿ. ಪಾಸಾಗಿದೀಯ. ಇನ್ನು ಮುಂದಕ್ಕಾದರೂ ಗಮನ ಇಟ್ಟು ಓದು."

ಆ ಮಾತು ಕೇಳಿ ನನ್ನ ಮೈ ಉರಿಯಿತು. ಆದರೆ ಕವನಳ ಮುಖದಲ್ಲಿ ಬೆಳಕು ಬಂತು. ಕಣ್ಣು ತುಂಬಿಕೊಂಡಳು. ಬ್ಯಾಗನ್ನು ನೆಲಕ್ಕಿಟ್ಟು, ಸರಸರನೆ ಬಂದು, ಅವರ ಕಾಲು ಮುಟ್ಟಲು ಬಾಗಿದಳು.

ಮೇಷ್ಟ್ರು ಹಿಂದಕ್ಕೆ ಸರಿದರು. ಬೆಚ್ಚಿದವರ ಹಾಗೆ, ಎರಡು ಹೆಜ್ಜೆ. ಸ್ಟೂಲು ತಗುಲಿ ಉರುಳಿತು.

ಅವರು ಯಾಕೆ ಸರಿದರು ಎಂದು ನನಗೆ ಗೊತ್ತು. ತಾನು ಕೆಡಿಸಿದ್ದಕ್ಕೆ ತನಗೇ ನಮಸ್ಕಾರ ಬಂದರೆ ಯಾವ ಮನುಷ್ಯನಿಗೂ ನಿಲ್ಲಲಾಗುವುದಿಲ್ಲ. ಆದರೆ ಕವನಳಿಗೆ ಅದು ಹೇಗೆ ಗೊತ್ತಾಗಬೇಕು? ಗಂಧ ಹಚ್ಚಿದ ಹಿರಿಯರೊಬ್ಬರು ನಮ್ಮ ಕೈ ಹತ್ತಿರ ಬಂದಾಗ ಹಿಂದೆ ಸರಿದರೆ ಅದರ ಅರ್ಥವೇನು ಎಂದು ನಮ್ಮ ಬೀದಿಗಳಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವಳ ಕೈ ನೆಲದ ಹತ್ತಿರವೇ ನಿಂತಿತು. ಆಮೇಲೆ ಮೆಲ್ಲಗೆ ಎಳೆದುಕೊಂಡಳು.

"ತಪ್ಪಾಯ್ತು ಸಾ," ಎಂದಳು. "ಗೊತ್ತಾಗ್ನಿಲ್ಲ."

ಬಾಗಿಲಲ್ಲಿದ್ದ ಹುಡುಗರು ನಿಂತರು. ರಂಗನಾಯಕ ಬಟ್ಟೆ ಹಿಡಿದುಕೊಂಡೇ ತಿರುಗಿದ. ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಅವಳಿಗೆ ಏನು ಅನ್ನಿಸಿತು ಎಂಬುದು ಅವರಿಗೂ ತಿಳಿದಿತ್ತು.

"ಅಯ್ಯೋ, ಅದಕ್ಕಲ್ಲ ಮಗು," ಎಂದರು. "ನೀನು ಮುಟ್ಟಬಾರದು ಅಂತ ಸರಿದಿದ್ದಲ್ಲ."

ಕವನ ತಲೆ ತಗ್ಗಿಸಿಯೇ ಇದ್ದಳು. ಇರಲಿ ಬಿಡಿ ಸಾ, ಅಭ್ಯಾಸವಿದೆ ಅನ್ನುವ ಹಾಗೆ. ಅವರು ನನ್ನ ಕಡೆ ನೋಡಿದರು. ನಾನು ಸಹಾಯಕ್ಕೆ ಹೋಗಲಿಲ್ಲ. ಅದಕ್ಕಲ್ಲವಾದರೆ ಮತ್ತೆ ಯಾಕೆ ಎಂದು ಅವರೇ ಹೇಳಬೇಕಿತ್ತು. ಹೇಳದಿದ್ದರೆ, ಕಾಲೇಜಿನ ಮೇಷ್ಟ್ರು ಕೊನೆಗೂ ತನ್ನನ್ನು ಮುಟ್ಟಿಸಿಕೊಳ್ಳಲಿಲ್ಲ ಎಂಬುದನ್ನು ಹೊತ್ತುಕೊಂಡು ಅವಳು ಹೆಡತಲೆಯ ಬಸ್ಸು ಹತ್ತುತ್ತಿದ್ದಳು.

"ನೀನು ನನ್ನ ಕಾಲು ಹಿಡಿಯೋ ಹಾಗಿಲ್ಲ ಮಗು," ಎಂದರು. "ನೀನು ಬರೆದದ್ದು ಸರಿ. ನಾನು ಬೋರ್ಡಿನ ಮೇಲೆ ಬರೆದದ್ದು ತಪ್ಪು. ಇಷ್ಟು ವರ್ಷವೂ ತಪ್ಪು. ನಾವು ನಿನಗೆ ನೋಡಿ ಹಾಕಿಲ್ಲ, ನೀನೇ ಸಂಪಾದಿಸಿದ್ದು."

ಕವನ ತಲೆಯೆತ್ತಿದಳು.

"ಓದ್ ವರ್ಸ ಬರ್ದಿದ್ದು ಸಾ?"

"ಅದೂ ಸರಿ."

ಅವಳು ಖುಷಿಪಡುತ್ತಾಳೆ ಎಂದು ನಾನು ಕಾದೆ. ಅವಳು ಕೆಳಗಿದ್ದ ಬ್ಯಾಗನ್ನು ಎತ್ತಿ ಎದೆಗೆ ಒತ್ತಿಕೊಂಡಳು, ಅಷ್ಟೇ. ಮೇಷ್ಟ್ರೇ ಮತ್ತೆ ಮಾತಾಡಿದರು. ಮಾತು ನಿಲ್ಲಿಸಲು ಹೆದರಿದವರ ಹಾಗೆ ಬೇಗಬೇಗ ಆಡಿದರು.

"ನಾಳೆ ನಾನೇ ಹೆಡತಲೆಗೆ ಬರ್ತೀನಿ. ನಿಮ್ಮ ತಾಯಿ ಹತ್ತಿರ ನಾನೇ ಹೇಳ್ತೀನಿ. ನಿಮ್ಮ ಮಗಳು ದಡ್ಡಿ ಅಲ್ಲಮ್ಮ, ತಪ್ಪು ನನ್ನದು ಅಂತ ಹೇಳ್ತೀನಿ."

"ಬ್ಯಾಡಿ ಸಾ," ಎಂದಳು ಕವನ. ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮವ್ವಂಗೆ ಯೋಳದೇನಿಲ್ಲ. ಅವ್ಳು ಯಾವತ್ತೂ ನನ್ನ ದಡ್ಡಿ ಅಂದ್ಕಂಡಿಲ್ಲ. ನೀ ಸರ್ಯಾಗೇ ಬರ್ದಿರ್ತೀಯ ಕಣ್ಮಗ, ಇನ್ನೊಂದ್ಸತಿ ನೋಡಿ ಅಂತ ಕೇಳು ಅಂತಿದ್ಲು. ನಿಂಗೇನ್ ಗೊತ್ತು ಸುಮ್ಕಿರು ಅಂತ ನಾನೇ ಅವ್ಳ ಬಾಯ್ ಮುಚ್ಚುಸ್ತಿದ್ದೆ. ದಡ್ಡಿ ಅಂತ ನಂಬ್ದೋಳು ನಾನೊಬ್ಳೇ ಸಾ."

ಹಾಗೆಂದು ಬಾಗಿಲ ಹೊರಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಹೋದಳು. ಹುಡುಗರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮೇಷ್ಟ್ರು ಹಿಂದಕ್ಕೆ ಸರಿದು ನಿಂತ ಜಾಗದಲ್ಲೇ ನಿಂತಿದ್ದರು.